ಅಂಗೈಯ ವಿಮಾನ, ಆಕಾಶದ ಚಿತ್ರ

ಒಂದು ಛಾಯಾಚಿತ್ರ. ಸಂಜೆಯ ಹೊಂಬಿಸಿಲಿನಲ್ಲಿ ಮಿಂದ ಮರುಭೂಮಿ. ದೂರದಲ್ಲಿ ಮಸುಕು ನೀಲಿಯ ಬೆಟ್ಟಸಾಲು. ಆ ಬೆಟ್ಟಗಳನ್ನು ದಾಟಿ ತಗ್ಗಿನಲ್ಲಿ ಹಾರಿಬರುತ್ತಿರುವ ಒಂದು ವಿಚಿತ್ರ ವಿಮಾನ. ಅದರ ರೆಕ್ಕೆಗಳು ಬೇಟೆಗೆರಗುವ ಗಿಡುಗನ ರೆಕ್ಕೆಗಳಂತೆ ಹಿಂದಕ್ಕೆ ಮಡಿಸಿಕೊಂಡಿವೆ. ಅದರ ಹೊಟ್ಟೆಯ ಮೇಲೆ ಮರಳಿನ ಕೆಂಬಣ್ಣ ಪ್ರತಿಫಲಿಸಿದೆ. ಮಸಿ ಹಿಡಿದ ಬಾಲದ ಹಿಂದೆ ಗಾಳಿಯು ಬಿಸಿಯಿಂದ ನಡುಗುತ್ತಿರುವಂತಿದೆ. ನೋಡುವವನು ಕ್ಷಣಕಾಲ ಉಸಿರು ಬಿಗಿಹಿಡಿಯುತ್ತಾನೆ. ಆದರೆ ಅಂಥ ವಿಮಾನವು ಜಗತ್ತಿನ ಯಾವ ಕಾರ್ಖಾನೆಯಲ್ಲಿಯೂ ತಯಾರಾಗಿಲ್ಲ. ಯಾವ ವೈಮಾನಿಕನೂ ಅದನ್ನು ಹಾರಿಸಿಲ್ಲ. ಅದು ವೈಜ್ಞಾನಿಕ ಕಲ್ಪನಾಕಥೆಯೊಂದರಿಂದ ಹುಟ್ಟಿ ಬಂದ, ಒಂದು ಗೇಣುದ್ದದ ಪ್ಲಾಸ್ಟಿಕ್ ಆಟಿಕೆ. ಮರುಭೂಮಿಯ ಚಿತ್ರವನ್ನು ತೆಗೆದದ್ದು ಒಂದು ಕಡೆ, ಆಟಿಕೆಯ ಚಿತ್ರವನ್ನು ತೆಗೆದದ್ದು ಮನೆಯ ಅಂಗಳದಲ್ಲಿ. ಎರಡನ್ನೂ ಬೆಸೆದು ಒಂದಾಗಿಸಿದವನು ಒಬ್ಬ ತಾಳ್ಮೆಯುಳ್ಳ ಹವ್ಯಾಸಿ.

ಹೀಗೆ ಬೇರೆ ಬೇರೆ ಚಿತ್ರಗಳ ಭಾಗಗಳನ್ನು ಸೇರಿಸಿ ರಚಿಸಿದ ಛಾಯಾಚಿತ್ರವನ್ನು ಸಂಯೋಜಿತ ಛಾಯಾಚಿತ್ರವೆನ್ನುತ್ತಾರೆ. ಇದು ಕಂಪ್ಯೂಟರ್ ಯುಗದ ಕೂಸೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಈ ಕಲೆಯು ಛಾಯಾಚಿತ್ರಣದಷ್ಟೇ ಹಳೆಯದು ಎಂದರೂ ತಪ್ಪಾಗಲಾರದು. 1850ರ ದಶಕದಲ್ಲಿ ಬಳಕೆಯಲ್ಲಿದ್ದ ಗಾಜಿನ ಫಲಕಗಳು ನೀಲಿ ಬೆಳಕನ್ನು ಅತಿಯಾಗಿ ಹೀರುತ್ತಿದ್ದವು. ಸಮುದ್ರವು ಸರಿಯಾಗಿ ಮೂಡುವಷ್ಟು ಬೆಳಕನ್ನು ಕೊಟ್ಟರೆ ಆಕಾಶವು ಮೋಡಗಳನ್ನು ಕಳೆದುಕೊಂಡು ಬರಿಯ ಬಿಳುಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕನು ಇದಕ್ಕೊಂದು ಉಪಾಯವನ್ನು ಕಂಡುಕೊಂಡನು. ಸಮುದ್ರಕ್ಕೊಂದು, ಆಕಾಶಕ್ಕೊಂದು ಹೀಗೆ ಎರಡು ನೆಗೆಟಿವ್‌ಗಳನ್ನು ತೆಗೆದು, ದಿಗಂತದ ರೇಖೆಯಲ್ಲಿ ಅವನ್ನು ಕೂಡಿಸಿ ಅಚ್ಚು ಹಾಕಿದನು. 1857ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೈಲಾಂಡರ್ ಎಂಬುವನು ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರವನ್ನು ರಚಿಸಿದನು. ವಿಕ್ಟೋರಿಯಾ ರಾಣಿಯು ಅದರ ಪ್ರತಿಯೊಂದನ್ನು ಕೊಂಡುಕೊಂಡಳು.

ಛಾಯಾಚಿತ್ರದಲ್ಲಿ ಹುಟ್ಟಿದ ಈ ಕೌಶಲವನ್ನು ಪುಟ್ಟ ಪ್ರತಿಕೃತಿಗಳೊಂದಿಗೆ ಸೇರಿಸಿ ಬೆಳೆಸಿದ್ದು ಚಲನಚಿತ್ರ. 1965ರಲ್ಲಿ ಇಂಗ್ಲೆಂಡಿನ ದೂರದರ್ಶನದಲ್ಲಿ ಬಿತ್ತರಗೊಂಡ ‘ಥಂಡರ್‌ಬರ್ಡ್ಸ್’ ಎಂಬ ಗೊಂಬೆಗಳ ಕಥಾಮಾಲಿಕೆಯಲ್ಲಿ ಡೆರೆಕ್ ಮೆಡಿಂಗ್ಸ್ ಎಂಬ ಕುಶಲಿಯು ಭವಿಷ್ಯಕಾಲದ ವಿಮಾನಗಳನ್ನು ಹಾರಿಸಿ ತೋರಿಸಿದನು. ಹೊಚ್ಚ ಹೊಸ ಬಣ್ಣದಿಂದ ಥಳಥಳಿಸುವ ಮಾದರಿಯನ್ನು ಯಾರೂ ನಂಬರೆಂಬುದು ಅವನಿಗೆ ತಿಳಿದಿತ್ತು. ಆದುದರಿಂದ ಅವುಗಳಿಗೆ ಧೂಳು, ಮಸಿ, ಎಣ್ಣೆಕಲೆಗಳನ್ನು ಬಳಿದು, ದುಡಿದು ದಣಿದ ಯಂತ್ರಗಳಂತೆ ಕಾಣಿಸಿದನು. 1968ರಲ್ಲಿ ತೆರೆಕಂಡ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರಕ್ಕಾಗಿ 54 ಅಡಿ ಉದ್ದದ ಅಂತರಿಕ್ಷ ನೌಕೆಯ ಮಾದರಿಯನ್ನು ನಿರ್ಮಿಸಲಾಯಿತು. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಜಾನ್ ಡೈಕ್‌ಸ್ಟ್ರಾ ಮತ್ತು ಅವನ ಸಂಗಡಿಗರು ಮಾದರಿಗಳನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಯಂತ್ರನಿಯಂತ್ರಿತ ಕ್ಯಾಮರಾವನ್ನೇ ಅವುಗಳ ಸುತ್ತ ಚಲಿಸುವಂತೆ ಮಾಡಿದರು. ಬಳಿಕ ನೀಲಿಯನ್ನು ತೆಗೆದುಹಾಕಿ ಆ ಜಾಗದಲ್ಲಿ ನಕ್ಷತ್ರಗಳನ್ನು ತುಂಬಿದರು. ಅಂಗಡಿಯಲ್ಲಿ ದೊರೆಯುವ ಆಟಿಕೆ ಟ್ಯಾಂಕು, ಹಡಗು, ವಿಮಾನಗಳ ಬಿಡಿಭಾಗಗಳನ್ನೇ ಅವರು ತಮ್ಮ ನೌಕೆಗಳ ಮೈಗೆ ಅಂಟಿಸಿದ್ದರೆಂಬುದು ಸ್ವಾರಸ್ಯದ ಸಂಗತಿ.

ಆ ಚಿತ್ರಕ್ಕಾಗಿ ಸ್ಥಾಪಿತವಾದ ಸಂಸ್ಥೆಯಲ್ಲಿಯೇ ಮುಂದೆ ಕೆಲಸಕ್ಕೆ ಸೇರಿದ ಜಾನ್ ನೋಲ್ ಮತ್ತು ಅವನ ಅಣ್ಣ ಥಾಮಸ್ ನೋಲ್ ಸೇರಿ ರೂಪಿಸಿದ ‘ಫೋಟೋಶಾಪ್’ ಎಂಬ ಕಂಪ್ಯೂಟರ್ ಸಾಧನವು 1990ರಲ್ಲಿ ಮಾರುಕಟ್ಟೆಗೆ ಬಂದಿತು. ಅಲ್ಲಿಯವರೆಗೆ ದೊಡ್ಡ ಚಿತ್ರಶಾಲೆಗಳ ಸೊತ್ತಾಗಿದ್ದ ವಿದ್ಯೆಯು ಕ್ರಮೇಣ ಸಾಮಾನ್ಯರ ಮೇಜಿನ ಮೇಲೆ ಬಂದು ಕುಳಿತಿತು.

ಸಾಧನವು ಕೈಗೆ ಸಿಕ್ಕಿತು ಎಂದ ಮಾತ್ರಕ್ಕೆ ವಿದ್ಯೆಯು ಸಿದ್ಧಿಸುವುದಿಲ್ಲ. ಆಟಿಕೆಯ ಚಿತ್ರವನ್ನು ಕತ್ತರಿಸಿ ಆಕಾಶದ ಚಿತ್ರದ ಮೇಲೆ ಅಂಟಿಸುವುದು ಮಗುವಿಗೂ ಸಾಧ್ಯ. ಅದನ್ನು ನೋಡುವವನು ನಂಬುವಂತೆ ಮಾಡುವುದು ಕಷ್ಟಸಾಧ್ಯ. ಏಕೆಂದರೆ ಮನುಷ್ಯನ ಕಣ್ಣು ಹುಟ್ಟಿದಂದಿನಿಂದ ಬೆಳಕಿನ ಶಾಲೆಯಲ್ಲಿ ಓದುತ್ತ ಬಂದಿದೆ. ಚಿತ್ರದಲ್ಲಿ ಏನು ತಪ್ಪಾಗಿದೆಯೆಂದು ಅದು ಹೇಳಲಾರದು. ಆದರೆ ಏನೋ ತಪ್ಪಾಗಿದೆಯೆಂಬುದನ್ನು ಒಡನೆಯೇ ಬಲ್ಲುದು.

ಆದ್ದರಿಂದ ಬಲ್ಲವನು ಮೊದಲು ಆರಿಸುವುದು ಆಟಿಕೆಯನ್ನಲ್ಲ, ಹಿನ್ನೆಲೆಯನ್ನು. ಹಿನ್ನೆಲೆಯ ಚಿತ್ರವನ್ನು ಮುಂದಿಟ್ಟುಕೊಂಡು ಅವನು ಅದನ್ನು ಪುಸ್ತಕದಂತೆ ಓದುತ್ತಾನೆ. ಸೂರ್ಯನು ಎಡಗಡೆ ಇದ್ದಾನೆಯೋ ಬಲಗಡೆಯೋ? ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ? ನೆರಳುಗಳು ಹರಿತವಾಗಿವೆಯೇ, ಮೋಡ ಕವಿದ ದಿನದಂತೆ ಮೃದುವಾಗಿವೆಯೇ? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅವನು ಆಟಿಕೆಯನ್ನು ಅಂಗಳಕ್ಕೆ ಒಯ್ದು, ಅದೇ ಬಗೆಯ ಬಿಸಿಲಿನಲ್ಲಿ, ಅದೇ ಕೋನದಲ್ಲಿ ಹಿಡಿಯುತ್ತಾನೆ. ಕೋಣೆಯ ದೀಪವು ಈ ಕೆಲಸಕ್ಕೆ ಸುಲಭವಾಗಿ ಒಗ್ಗದು. ಸೂರ್ಯನು ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತವೆ. ಹತ್ತಿರದ ದೀಪದ ಕಿರಣಗಳಾದರೋ ಬೀಸಣಿಗೆಯಂತೆ ಹರಡಿಕೊಂಡು, ಒಂದು ರೆಕ್ಕೆಯನ್ನು ಹೆಚ್ಚು ಬೆಳಗಿ ಇನ್ನೊಂದನ್ನು ಮಂಕಾಗಿಸುತ್ತವೆ. ಆಟಿಕೆಯನ್ನು ಒಂದು ಕಡ್ಡಿಯ ತುದಿಗೆ ಸಿಕ್ಕಿಸಿ ಎತ್ತಿಹಿಡಿಯುವುದು ರೂಢಿ. ಕಡ್ಡಿಯನ್ನು ಅನಂತರ ಚಿತ್ರದಿಂದ ಅಳಿಸಿಹಾಕಬಹುದು. ತಪ್ಪಾದ ಬೆಳಕನ್ನು ಮಾತ್ರ ಅಳಿಸುವುದು ಸುಲಭವಲ್ಲ.

ಎರಡನೆಯದು ಕ್ಯಾಮರಾದ ನೆಲೆ. ಆಟಿಕೆಯು ನಿಜವಿಮಾನದ 72ನೆಯ ಒಂದು ಪಾಲಿನಷ್ಟಿದೆ ಎಂದಿಟ್ಟುಕೊಳ್ಳೋಣ. 20 ಸೆಂಟಿಮೀಟರ್ ಉದ್ದದ ಆಟಿಕೆಯು ಆಗ ಸುಮಾರು 14 ಮೀಟರ್ ಉದ್ದದ ವಿಮಾನಕ್ಕೆ ಸಮ. ವಿಮಾನ ನಿಲ್ದಾಣದಲ್ಲಿ 36 ಮೀಟರ್ ದೂರದಲ್ಲಿ ನಿಂತು ನೋಡುವವನ ಕಣ್ಣಿಗೆ ಅದು ಹೇಗೆ ಕಾಣುವುದೋ ಹಾಗೆಯೇ ಕಾಣಬೇಕಾದರೆ ಕ್ಯಾಮರಾವು ಆಟಿಕೆಯಿಂದ ಅರ್ಧ ಮೀಟರ್ ದೂರದಲ್ಲಿರಬೇಕು. ನಿಂತವನ ಕಣ್ಣು ನೆಲದಿಂದ 160 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಕ್ಯಾಮರಾದ ಕಣ್ಣು ಮೇಜಿನಿಂದ ಎರಡು ಸೆಂಟಿಮೀಟರಿಗಿಂತ ತುಸುವೇ ಮೇಲಿರಬೇಕು! ಈ ಲೆಕ್ಕವನ್ನು ಮರೆತು, ನಿಂತಲ್ಲಿಂದಲೇ ಕೆಳಕ್ಕೆ ಬಗ್ಗಿ ಚಿತ್ರ ತೆಗೆದವನು ಆಟಿಕೆಯನ್ನು ಆಟಿಕೆಯಾಗಿಯೇ ಉಳಿಸುತ್ತಾನೆ. ದೊಡ್ಡದನ್ನು ಕಾಣಬೇಕಾದರೆ ನೋಡುವವನು ಮೊದಲು ಚಿಕ್ಕವನಾಗಬೇಕು.

ಮೂರನೆಯ ತೊಡಕು ಮಸೂರದ್ದು. ತೀರ ಹತ್ತಿರದ ವಸ್ತುವನ್ನು ಚಿತ್ರಿಸುವಾಗ ಮಸೂರವು ಒಂದು ಕಿರಿಯ ಪಟ್ಟಿಯನ್ನು ಮಾತ್ರ ಸ್ಫುಟವಾಗಿ ತೋರಿಸುತ್ತದೆ. ವಿಮಾನದ ಮೂಗು ಸ್ಪಷ್ಟವಾದರೆ ಬಾಲ ಮಸುಕಾಗುತ್ತದೆ. ನಿಜವಾದ ವಿಮಾನವನ್ನು ದೂರದಿಂದ ತೆಗೆದ ಚಿತ್ರದಲ್ಲಿ ಮೂಗೂ ಬಾಲವೂ ಒಂದೇ ಸಮನೆ ಸ್ಪಷ್ಟವಾಗಿರುತ್ತವೆ. ಹೀಗಾಗಿ ಮಸುಕಾದ ಬಾಲವೇ ಗುಟ್ಟನ್ನು ಬಯಲುಮಾಡುತ್ತದೆ. ಮಸೂರದ ಕಿಂಡಿಯನ್ನು ಕಿರಿದುಗೊಳಿಸುವುದು ಇದಕ್ಕೆ ಪರಿಹಾರ. ಕಿಂಡಿಯು ಕಿರಿದಾದಂತೆ ಒಳಬರುವ ಬೆಳಕು ಕಡಿಮೆಯಾಗುತ್ತದೆ. ಆದ್ದರಿಂದ ಕ್ಯಾಮರಾವನ್ನು ಅಲುಗದಂತೆ ಮೂರುಕಾಲಿನ ಆಸರೆಯ ಮೇಲೆ ನಿಲ್ಲಿಸಿ ಹೆಚ್ಚು ಕಾಲ ಬೆಳಕನ್ನು ಒಳಬಿಡಬೇಕಾಗುತ್ತದೆ. ‘2001’ ಚಿತ್ರದ ನೌಕೆಯನ್ನು ಚಿತ್ರಿಸಿದವರೂ ಇದೇ ಮಾರ್ಗವನ್ನು ಹಿಡಿದಿದ್ದರು. ಇಂದಿನ ಹವ್ಯಾಸಿಗಳು ಮೂಗಿಗೊಂದು, ನಡುವಿಗೊಂದು, ಬಾಲಕ್ಕೊಂದು ಚಿತ್ರವನ್ನು ತೆಗೆದು, ಅವುಗಳ ಸ್ಫುಟವಾದ ಭಾಗಗಳನ್ನು ಕಂಪ್ಯೂಟರಿನಲ್ಲಿ ಕೂಡಿಸುವುದೂ ಉಂಟು.

ಆಟಿಕೆಯ ಮೈಯನ್ನೂ ಹದಗೊಳಿಸಬೇಕು. ಅಚ್ಚಿನಿಂದ ಬಂದ ಅಂಚುಗಳನ್ನು ಉಜ್ಜುಕಾಗದದಿಂದ ಸವರಬೇಕು. ಪ್ಲಾಸ್ಟಿಕ್ಕಿನ ಹೊಳಪನ್ನು ಮಂದವಾದ ಮೆರುಗೆಣ್ಣೆಯಿಂದ ತಗ್ಗಿಸಬೇಕು. ತಗಡುಗಳ ಸಂದಿಗಳಿಗೆ ತೆಳುವಾದ ಕಪ್ಪು ಬಣ್ಣವನ್ನು ಹರಿಯಬಿಡಬೇಕು. ಬೆಂಕಿ ಉಗುಳುವ ಕೊಳವೆಯ ಸುತ್ತ ಮಸಿಯಿರಬೇಕು. ವೈಮಾನಿಕನು ಏರಿ ಇಳಿಯುವ ಜಾಗದಲ್ಲಿ ಬಣ್ಣ ಸವೆದಿರಬೇಕು. ಎಂದೂ ಇಲ್ಲದ ವಿಮಾನಕ್ಕೆ ಒಂದು ಗತಕಾಲವನ್ನು ಕಲ್ಪಿಸಿಕೊಡುವ ಕೆಲಸವಿದು. ಎಲ್ಲಿ ಸವೆದಿದೆ, ಏಕೆ ಸವೆದಿದೆ ಎಂದು ವಿಚಾರಿಸದೆ ಕಂಡಕಂಡಲ್ಲಿ ಮಸಿ ಬಳಿದರೆ ಅದು ಕೊಳಕಾಗಿ ಕಾಣುವುದೇ ಹೊರತು ನಿಜವಾಗಿ ಕಾಣುವುದಿಲ್ಲ.

ಕೊನೆಯದು ಬೆಸುಗೆ. ಆಟಿಕೆಯ ಚಿತ್ರವನ್ನು ಅಂಚಿನಗುಂಟ ಬಿಡಿಸಿ ಹಿನ್ನೆಲೆಯ ಮೇಲೆ ಇರಿಸಿದಾಗ ಅದು ಬಹುಮಟ್ಟಿಗೆ ಗಾಜಿಗೆ ಅಂಟಿಸಿದ ಕಾಗದದಂತೆ ತೋರುತ್ತದೆ. ಏಕೆಂದರೆ ನಡುವೆ ಗಾಳಿಯಿಲ್ಲ. ದೂರದ ಬೆಟ್ಟವು ನೀಲಿಯಾಗಿಯೂ ತೆಳುವಾಗಿಯೂ ಕಾಣುವುದು, ನಡುವಣ ವಾಯುಮಂಡಲವು ಬೆಳಕನ್ನು ಚದರಿಸುವುದರಿಂದ. ವಿಮಾನವು ದೂರದಲ್ಲಿದೆಯೆಂದು ತೋರಿಸಬೇಕಾದರೆ ಅದರ ಅಚ್ಚಗಪ್ಪಿನ ಭಾಗಗಳಿಗೂ ಆ ಬೆಟ್ಟದ ಮಸುಕನ್ನು ಲೇಪಿಸಬೇಕು. ಮರುಭೂಮಿಯ ಮೇಲೆ ಹಾರುವ ವಿಮಾನದ ಹೊಟ್ಟೆಗೆ ಮರಳಿನ ಬಣ್ಣವೂ ಸಮುದ್ರದ ಮೇಲೆ ಹಾರುವುದರ ಹೊಟ್ಟೆಗೆ ನೀರಿನ ಬಣ್ಣವೂ ತಗುಲಬೇಕು. ವಿಮಾನವು ನೆಲಕ್ಕೆ ಸಮೀಪವಾಗಿದ್ದರೆ ಅದರ ನೆರಳು ಸೂರ್ಯನಿಗೆ ಎದುರುದಿಕ್ಕಿನಲ್ಲಿ ಬೀಳಬೇಕು. ಅಂಚುಗಳು ಹಿನ್ನೆಲೆಗಿಂತ ಹೆಚ್ಚು ಹರಿತವಾಗಿರಬಾರದು. ಇಷ್ಟೆಲ್ಲವೂ ಕೂಡಿಬಂದಾಗ, ಯಾವುದೋ ಒಂದು ಗಳಿಗೆಯಲ್ಲಿ, ಆಟಿಕೆಯು ಕಾಗದದಿಂದ ಬಿಡಿಸಿಕೊಂಡು ಗಾಳಿಗೆ ಏರುತ್ತದೆ. ಹವ್ಯಾಸಿಯ ಹಲವು ದಿನಗಳ ದುಡಿಮೆಗೆ ಆ ಗಳಿಗೆಯೇ ಸಂಭಾವನೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲದುದನ್ನು ಇದ್ದಂತೆ ತೋರಿಸಲು ಹೊರಟವನು ಇರುವುದೆಲ್ಲವನ್ನೂ ಮೊದಲು ಕಲಿಯಬೇಕಾಯಿತು. ಬಿಸಿಲಿನ ಓರೆ, ನೆರಳಿನ ಅಂಚು, ದೂರದ ನೀಲಿ, ಸವೆದ ಲೋಹ, ಇವುಗಳನ್ನು ಜೀವಮಾನವೆಲ್ಲ ಕಂಡಿದ್ದರೂ ಅವನು ಹಿಂದೆ ನೋಡಿರಲಿಲ್ಲ. ಕಲ್ಪನೆಯ ವಿಮಾನವು ಅವನನ್ನು ಸತ್ಯದ ಕಡೆಗೆ ಕರೆದೊಯ್ದಿತು.

ಆದರೆ ಇದೇ ವಿದ್ಯೆಗೆ ಇನ್ನೊಂದು ಮುಖವೂ ಉಂಟು. 1934ರ ಏಪ್ರಿಲ್‌ನಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟವಾಯಿತು. ಸ್ಕಾಟ್ಲೆಂಡಿನ ನೆಸ್ ಸರೋವರದ ನೀರಿನಿಂದ ಯಾವುದೋ ದೈತ್ಯಪ್ರಾಣಿಯು ಉದ್ದವಾದ ಕೊರಳನ್ನು ಮೇಲೆತ್ತಿದಂತೆ ಅದರಲ್ಲಿ ಕಾಣುತ್ತಿತ್ತು. ಅದನ್ನು ನೀಡಿದವನು ಗೌರವಾನ್ವಿತ ವೈದ್ಯನಾದುದರಿಂದ ಜನರು ನಂಬಿದರು. ಅದು ಆಟಿಕೆಯ ಜಲಾಂತರ್ನೌಕೆಯೊಂದಕ್ಕೆ ಕೃತಕವಾದ ಕೊರಳನ್ನು ಕೂಡಿಸಿ ತೆಗೆದ ಚಿತ್ರವೆಂಬ ಸಂಗತಿಯು ಲೋಕಕ್ಕೆ ತಿಳಿದದ್ದು ಸುಮಾರು 60 ವರ್ಷಗಳ ಅನಂತರ, 1994ರಲ್ಲಿ. ಮೂಲಚಿತ್ರವನ್ನು ಪೂರ್ತಿಯಾಗಿ ನೋಡಿದವರಿಗೆ ಸುತ್ತಣ ನೀರಿನ ಅಲೆಗಳೇ ಸುಳಿವನ್ನು ಕೊಡುತ್ತಿದ್ದವು. ಆಟಿಕೆಯನ್ನು ದೊಡ್ಡದಾಗಿ ತೋರಿಸಬಹುದು. ನೀರಿನ ಅಲೆಗಳು ಹಾಗೆ ಹಿಗ್ಗುವುದಿಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದಾದರೋ ಸುತ್ತಲಿನ ನೀರನ್ನು ಕತ್ತರಿಸಿ ತೆಗೆದ ಚಿತ್ರ.

ಸರೋವರದ ಪ್ರಾಣಿಯನ್ನು ನಂಬಿದುದರಿಂದ ಯಾರಿಗೂ ಹೆಚ್ಚಿನ ಹಾನಿಯಾಗಲಿಲ್ಲವೆನ್ನಬಹುದು. 2005ರ ಫೆಬ್ರವರಿಯಲ್ಲಿ ನಡೆದ ಘಟನೆಯು ಹಾಗಲ್ಲ. ಇರಾಕಿನಲ್ಲಿ ಯುದ್ಧವು ನಡೆಯುತ್ತಿದ್ದ ಕಾಲವದು. ಅಮೆರಿಕದ ಸೈನಿಕನೊಬ್ಬನನ್ನು ಸೆರೆಹಿಡಿದಿರುವುದಾಗಿಯೂ ಅವನನ್ನು ಕೊಲ್ಲುವುದಾಗಿಯೂ ಸಾರುತ್ತ ಒಂದು ಗುಂಪು ಅವನ ಛಾಯಾಚಿತ್ರವನ್ನು ಹೊರಡಿಸಿತು. ಸುದ್ದಿಸಂಸ್ಥೆಗಳ ಮೂಲಕ ಅದು ಜಗತ್ತಿಗೆಲ್ಲ ಹರಡಿತು. ತಮ್ಮ ಯಾವ ಸೈನಿಕನೂ ಕಾಣೆಯಾಗಿಲ್ಲವೆಂದು ಸೇನೆಯು ತಿಳಿಸಿತು. ಬಳಿಕ ಆಟಿಕೆಗಳನ್ನು ತಯಾರಿಸುವ ಸಂಸ್ಥೆಯೊಂದರವರು ಆ ‘ಸೈನಿಕ’ನನ್ನು ಗುರುತಿಸಿದರು. ಅದು ಅವರೇ ಮಾರಾಟಕ್ಕಿಟ್ಟಿದ್ದ ಗೊಂಬೆ! ಸುಳ್ಳು ಬಯಲಾದುದೇನೋ ನಿಜ. ಆದರೆ ಅದು ಬಯಲಾಗುವವರೆಗಿನ ಗಳಿಗೆಗಳು, ಮಕ್ಕಳನ್ನು ರಣರಂಗಕ್ಕೆ ಕಳುಹಿಸಿದ ತಾಯಂದಿರ ಪಾಲಿಗೆ ಎಂಥವಾಗಿದ್ದಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು.

ಗೊಂಬೆಯ ತಪ್ಪು ಇದರಲ್ಲಿ ಏನೂ ಇಲ್ಲ. ಕ್ಯಾಮರಾದ ತಪ್ಪೂ ಅಲ್ಲ. ಹವ್ಯಾಸಿಯು ತನ್ನ ವಿಮಾನದ ಚಿತ್ರದ ಕೆಳಗೆ ‘ಇದು ಆಟಿಕೆ, ಇದು ಸಂಯೋಜಿತ ಚಿತ್ರ’ ಎಂದು ಬರೆಯುತ್ತಾನೆ. ಹಾಗೆ ಬರೆದುದರಿಂದ ನೋಡುವವನ ಸಂತೋಷವು ಕುಗ್ಗುವುದಿಲ್ಲ. ‘ಎಲಾ, ಇದನ್ನು ಹೇಗೆ ಮಾಡಿದ!’ ಎಂಬ ಬೆರಗು ಅದಕ್ಕೆ ಸೇರಿಕೊಳ್ಳುತ್ತದೆ. ಯಕ್ಷಗಾನದ ಪ್ರೇಕ್ಷಕನಿಗೆ ರಂಗದ ಮೇಲಿನ ರಾವಣನು ತನ್ನ ಊರಿನವನೇ ಎಂಬುದು ಗೊತ್ತಿದ್ದರೂ ಬೆಳಗಾಗುವವರೆಗೆ ಅವನು ರಾವಣನನ್ನೇ ಕಾಣುತ್ತಾನೆ. ಅಲ್ಲಿ ಮೋಸವಿಲ್ಲ, ಒಪ್ಪಂದವಿದೆ. ಆ ಒಂದು ಸಾಲಿನ ಬರಹವನ್ನು ಅಳಿಸಿದಾಗ ಒಪ್ಪಂದವು ಮುರಿಯುತ್ತದೆ, ಕಲೆಯಾಗಿದ್ದುದು ವಂಚನೆಯಾಗುತ್ತದೆ. ಎರಡಕ್ಕೂ ನಡುವಣ ಅಂತರವು ಕೈಚಳಕದಲ್ಲಿಲ್ಲ, ಆ ಸಾಲಿನಲ್ಲಿದೆ.

ಇಂದು ಕೃತಕ ಬುದ್ಧಿಯ ನೆರವಿನಿಂದ, ಆಟಿಕೆಯೂ ಬೇಡ, ಕ್ಯಾಮರಾವೂ ಬೇಡ, ನಾಲ್ಕು ಮಾತುಗಳನ್ನು ಬರೆದರೆ ಸಾಕು, ಕ್ಷಣಾರ್ಧದಲ್ಲಿ ಚಿತ್ರವು ಸಿದ್ಧವಾಗುತ್ತದೆ. ಹೀಗಿರುವಾಗ ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಹಿರಿಯರ ಗಾದೆಗೆ ಹೊಸ ಬೆಲೆ ಬಂದಿದೆ. ಹಾಗೆ ಪ್ರಮಾಣಿಸಿ ನೋಡುವ ಕಣ್ಣು ಪುಕ್ಕಟೆಯಾಗಿ ದೊರೆಯುವುದಲ್ಲ. ಅಂಗಳದ ಬಿಸಿಲಿನಲ್ಲಿ ಅಂಗೈಯಗಲದ ವಿಮಾನವನ್ನು ಹಿಡಿದು, ನೆರಳು ಎತ್ತ ಬೀಳುತ್ತದೆಂದು ತಾಳ್ಮೆಯಿಂದ ನೋಡಿದವನಿಗೆ ಅದು ದೊರೆಯುತ್ತದೆ. ಒಂದು ಸುಳ್ಳನ್ನು ಪ್ರಾಮಾಣಿಕವಾಗಿ ಕಟ್ಟಿದವನು ಇನ್ನೊಬ್ಬರ ಸುಳ್ಳಿಗೆ ಸುಲಭವಾಗಿ ಸಿಲುಕಲಾರನು.