ಎಂಜಿನ್ ಎಚ್ಚರಿಕೆ ದೀಪ: ಬಿಡಿಭಾಗ ಬದಲಿಸುವ ಮುನ್ನ

ಸರಕು ಸಾಗಣೆಗೆ ಸ್ವಂತ ವಾಹನವಿರಿಸಿಕೊಂಡ ವರ್ತಕರಿಗೆ ಚಾಲಕರಿಂದ ಆಗಾಗ ಬರುವ ದೂರು ‘ಎಂಜಿನ್ ಲೈಟ್ ಹತ್ತಿದೆ’ ಎಂಬುದು. ಗಾಡಿ ಓಡುತ್ತಿದೆಯಲ್ಲ ಎಂದು ಕಡೆಗಣಿಸುವವರುಂಟು. ಗಾಬರಿಯಿಂದ, ಗ್ಯಾರೇಜಿನವರು ಹೇಳಿದ ಬಿಡಿಭಾಗಗಳನ್ನೆಲ್ಲ ಬದಲಿಸುವವರೂ ಉಂಟು. ನಷ್ಟ ಇಬ್ಬರಿಗೂ ತಪ್ಪಿದ್ದಲ್ಲ.

ಹೊಗೆಯ ಮಾಲಿನ್ಯಕ್ಕೆ ಕಾರಣವಾಗುವ ದೋಷಗಳನ್ನು ತಿಳಿಸುವುದು ಈ ದೀಪದ ಮೂಲ ಉದ್ದೇಶ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಏಕರೂಪದ ಸ್ವಯಂ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ ಭಾರತ್ ಸ್ಟೇಜ್ 4ರ ಕಾಲದಲ್ಲಿ ಕಡ್ಡಾಯವಾದ ಇಂತಹ ವ್ಯವಸ್ಥೆಯು, 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಭಾರತ್ ಸ್ಟೇಜ್ 6ರಲ್ಲಿ ಮತ್ತಷ್ಟು ಬಿಗಿಯಾಯಿತು. ಸೆನ್ಸರುಗಳ ಅಳತೆ ಮಿತಿಯನ್ನು ಮೀರಿದರೆ ಎಂಜಿನ್ನಿನ ಕಂಪ್ಯೂಟರು ಒಂದು ದೋಷಸಂಕೇತವನ್ನು ದಾಖಲಿಸಿ ದೀಪವನ್ನು ಬೆಳಗಿಸುತ್ತದೆ. ಆ ಸಂಕೇತವನ್ನು ಸ್ಕ್ಯಾನರಿನಿಂದ ಓದಬಹುದು.

ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಹಣ ಪೋಲಾಗುವುದು ಇದನ್ನು ಮರೆತಾಗಲೇ. ಪೆಟ್ರೋಲ್ ವಾಹನಗಳಲ್ಲಿ ಕಾಣುವ ‘ಪಿ 0171’ ಎಂಬ ಸಂಕೇತಕ್ಕೆ, ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದಷ್ಟೇ ಅರ್ಥ. ಬಿರುಕು ಬಿಟ್ಟ ರಬ್ಬರ್ ಕೊಳವೆ, ಕೊಳೆಯಾದ ಗಾಳಿಯ ಸೆನ್ಸರು, ಇಂಧನದ ಒತ್ತಡದ ಕೊರತೆ, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಆದರೂ ಮೊದಲು ಬದಲಾಗುವುದು ಬಹುಮಟ್ಟಿಗೆ ಆಕ್ಸಿಜನ್ ಸೆನ್ಸರು! ದೂರು ಕೊಟ್ಟವನನ್ನೇ ದಂಡಿಸಿದಂತಾಯಿತು.

ದೀಪವು ಸ್ಥಿರವಾಗಿ ಉರಿಯುತ್ತಿದ್ದು, ವಾಹನದ ನಡೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಸಾವಧಾನವಾಗಿ ಊರು ತಲುಪಿ ಬೇಗನೆ ತಪಾಸಣೆ ಮಾಡಿಸಬಹುದು. ಪೆಟ್ರೋಲ್ ವಾಹನದಲ್ಲಿ ದೀಪ ಮಿನುಗತೊಡಗಿದರೆ ಮಾತು ಬೇರೆ. ಸಿಲಿಂಡರಿನಲ್ಲಿ ಉರಿಯದ ಇಂಧನವು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿದು ಅದನ್ನು ಹಾಳುಗೆಡಹುತ್ತದೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳಂತಹ ಲೋಹಗಳಿರುವ ಆ ಭಾಗದ ಬೆಲೆಯ ಮುಂದೆ ಸ್ಪಾರ್ಕ್ ಪ್ಲಗ್ಗಿನ ಬೆಲೆ ಅತ್ಯಲ್ಪ. ಕೆಂಪು ಬಣ್ಣದ ಆಯಿಲ್ ಒತ್ತಡದ ದೀಪ ಅಥವಾ ಉಷ್ಣತೆಯ ದೀಪ ಹೊತ್ತಿದರಂತೂ ಸುರಕ್ಷಿತ ಸ್ಥಳದಲ್ಲಿ ಕೂಡಲೇ ಎಂಜಿನ್ ನಿಲ್ಲಿಸಬೇಕು.

ಡೀಸೆಲ್ ಗಾಡಿಯುಳ್ಳವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಭಾರತ್ ಸ್ಟೇಜ್ 6ರ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಹೊಗೆಯ ಶಾಖ ಸಾಕಷ್ಟು ಏರಿದಾಗಲೇ ಅದರಲ್ಲಿನ ಮಸಿ ಸುಟ್ಟುಹೋಗುವುದು. ಅಂಗಡಿಯಿಂದ ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ ಎಂದು ದಿನವಿಡೀ ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಸಂಚರಿಸುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಫಿಲ್ಟರಿನ ದೀಪ ಮೊದಲ ಬಾರಿ ಹೊತ್ತಿದಾಗಲೇ, ತಯಾರಕರ ಕೈಪಿಡಿಯಂತೆ, ಹೆದ್ದಾರಿಯಲ್ಲಿ ಸಮವೇಗದಿಂದ ಸ್ವಲ್ಪ ದೂರ ಓಡಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. ತಡಮಾಡಿದರೆ ಎಂಜಿನ್ನಿನ ಶಕ್ತಿ ಕುಗ್ಗಿ, ಸರಕು ಹೇರಿದ ಗಾಡಿ ಏರುದಾರಿಯಲ್ಲಿ ನಿಂತೀತು.

ಬ್ಯಾಟರಿಯ ತಂತಿ ಕಳಚಿ ದೀಪ ಆರಿಸುವ ಪದ್ಧತಿ ಕೆಲವೆಡೆ ಇದೆ. ಇದರಿಂದ ಸಂಕೇತದೊಡನೆ, ದೋಷ ಕಂಡ ಗಳಿಗೆಯ ವೇಗ, ಉಷ್ಣತೆ ಮೊದಲಾದ ದಾಖಲೆಯೂ ಅಳಿಸಿಹೋಗಬಹುದು. ಮೆಕ್ಯಾನಿಕನಿಗೆ ಉಳಿಯುವುದು ಊಹೆ ಮಾತ್ರ. ಆದುದರಿಂದ ದುರಸ್ತಿಗೆ ಮುನ್ನ ಸಂಕೇತವನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಯಾವ ಪರೀಕ್ಷೆಯ ಆಧಾರದ ಮೇಲೆ ಭಾಗವನ್ನು ಬದಲಿಸಲಾಗುತ್ತಿದೆ ಎಂಬುದನ್ನು ಕೇಳಿ ತಿಳಿದು, ಕಳಚಿದ ಹಳೆಯ ಭಾಗವನ್ನು ಬಿಲ್ಲಿನೊಂದಿಗೆ ಪಡೆಯುವುದು ಲೇಸು.