ಮಾದರಿಯಿಲ್ಲದೆ ತಿದ್ದಿಕೊಳ್ಳುವ ಪೆಟ್ಟಿಗೆ: ಶಿವನಿ ಲೈನಿನ ಪಾಠಗಳು

ಅಜ್ಜಂಪುರ ತಾಲ್ಲೂಕಿನ ಶಿವನಿ ಸುತ್ತ ಕೇಬಲ್ ಟಿವಿ ಲೈನ್ ನೋಡಿಕೊಳ್ಳುವವನು ನಾನು. ಅನಲಾಗ್ ಕಾಲದಲ್ಲಿ ಸಿಗ್ನಲ್ ಪ್ರತಿಫಲಿಸಿದರೆ ಪರದೆಯ ಮೇಲೆ ನೆರಳು ಚಿತ್ರ ಕಾಣುತ್ತಿತ್ತು. ಈಗ ಆ ಪ್ರತಿಫಲನವನ್ನು, ಅಂದರೆ ಪ್ರತಿಧ್ವನಿಯನ್ನು, ಸೆಟ್‌ಟಾಪ್ ಬಾಕ್ಸ್ ಒಳಗಿನ ಈಕ್ವಲೈಜರ್ ಅಳಿಸುತ್ತದೆ. ಕೆಲಸ ಕಲಿಯುವ ಹುಡುಗರಿಗೆ ಇವಿಷ್ಟನ್ನು ಹೇಳುತ್ತೇನೆ.

1. ಬಾಕ್ಸಿಗೆ ಯಾರೂ ಪಾಠ ಹೇಳಿರುವುದಿಲ್ಲ. ಮೊಬೈಲ್ ಸಿಗ್ನಲಿನಲ್ಲಿ ಫೋನಿಗೆ ಮೊದಲೇ ಗೊತ್ತಿರುವ ಸಂಕೇತಗಳು ನಡುನಡುವೆ ಬರುತ್ತವೆ. ಹೋಲಿಸಿ ನೋಡಿದರೆ ದಾರಿಯಲ್ಲಿ ಏನು ಕೆಟ್ಟಿತೆಂದು ತಿಳಿಯುತ್ತದೆ. ನಮ್ಮ ಡಿಜಿಟಲ್ ಕೇಬಲ್ ಪದ್ಧತಿಯಾದ ಡಿವಿಬಿ-ಸಿಯಲ್ಲಿ ಆ ಅನುಕೂಲವಿಲ್ಲ. ಯಾವ ಮನೆಯಲ್ಲಿ ಯಾವಾಗ ಸ್ವಿಚ್ ಹಾಕಿದರೂ ಹರಿಯುತ್ತಿರುವುದನ್ನು ನಡುವಿನಿಂದಲೇ ಹಿಡಿಯಬೇಕು.

2. ಏನು ಕಳಿಸಿದರೆಂದು ಗೊತ್ತಿಲ್ಲದಿದ್ದರೂ ಅದರ ಆಕಾರ ಗೊತ್ತು. ಜಪಾನಿನ ಸಾಟೊ 1975ರಲ್ಲಿ, ಫ್ರಾನ್ಸಿನ ಗೊಡಾರ್ 1980ರಲ್ಲಿ ಹಿಡಿದ ಎಳೆ ಇದೇ. 64 ಕ್ವಾಮ್ ಎಂದರೆ 64 ಬಿಂದುಗಳ ಚೌಕ; ಕಳಿಸುವ ಪ್ರತಿ ಸಿಂಬಲ್ ಅವುಗಳಲ್ಲೊಂದು ಬಿಂದು. ಗೊಡಾರ್ ವಿಧಾನದಲ್ಲಿ ಪ್ರತಿ ಬಿಂದುವಿಗೆ ಕೇಂದ್ರದಿಂದಿರುವ ದೂರದ ವರ್ಗವನ್ನು ಒಂದೇ ಸ್ಥಿರಾಂಕದ ಜೊತೆ ಹೋಲಿಸಿ, ಸರಾಸರಿ ವ್ಯತ್ಯಾಸ ಕುಗ್ಗುವ ಹಾಗೆ ತಿದ್ದುತ್ತಾ ಹೋಗುತ್ತಾರೆ. ಮಟ್ಟಗಳನ್ನು 1, 3, 5, 7 ಎಂದಿಟ್ಟರೆ ಆ ಸ್ಥಿರಾಂಕ 58. ನಿಜಕ್ಕೂ 58ರ ಮೇಲೆ ಕೂರುವವು 64ರಲ್ಲಿ 8 ಬಿಂದುಗಳು ಮಾತ್ರ! ಆದರೂ ಕೆಲಸ ನಡೆಯುತ್ತದೆ, ಏಕೆಂದರೆ ಪ್ರತಿಧ್ವನಿ ಬೆರೆತಷ್ಟೂ ಆ ಸರಾಸರಿ ವ್ಯತ್ಯಾಸ ಹೆಚ್ಚುತ್ತದೆ. ಇದಕ್ಕಿಂತ ಸೊಗಸಾದ ಲೆಕ್ಕವನ್ನು ಈ ಕಸುಬಿನಲ್ಲಿ ನಾನು ಕಂಡಿಲ್ಲ.

3. ದೂರವನ್ನಷ್ಟೇ ನೋಡುವವನಿಗೆ ಚೌಕ ತಿರುಗಿದ್ದು ಕಾಣುವುದಿಲ್ಲ. ಅದನ್ನು ನಿಲ್ಲಿಸಲು ಬೇರೆ ಸರ್ಕ್ಯೂಟ್ ಇದೆ. ಕಾಲು ಸುತ್ತು ತಪ್ಪಿ ನಿಂತರೂ ನಡೆಯಲೆಂದು ಸಿಗ್ನಲ್ ಹೊರಡುವ ಹೆಡ್‌ಎಂಡ್‌ನಲ್ಲೇ ಪ್ರತಿ ಸಿಂಬಲಿನ ಎರಡು ಬಿಟ್‌ಗಳನ್ನು ಹಿಂದಿನ ಸಿಂಬಲಿನಿಂದಾದ ವ್ಯತ್ಯಾಸವಾಗಿ ಕಳಿಸುತ್ತಾರೆ.

4. ಈಕ್ವಲೈಜರ್ ಕಲಿತದ್ದನ್ನು ನಾವೂ ಓದಬಹುದು. ಒಳ್ಳೆಯ ಮೀಟರ್ ಪ್ರತಿಧ್ವನಿ ಎಷ್ಟು ತಡವೆಂದು ತೋರಿಸುತ್ತದೆ. ಸೆಕೆಂಡಿಗೆ 68.75 ಲಕ್ಷ ಸಿಂಬಲ್ ಹೋಗುವ ಚಾನಲಿನಲ್ಲಿ ಒಂದು ಸಿಂಬಲ್ ಎಂದರೆ ಸುಮಾರು 145 ನ್ಯಾನೊಸೆಕೆಂಡ್. ಅಷ್ಟರಲ್ಲಿ ಆರ್‌ಜಿ-6 ಕೇಬಲಿನಲ್ಲಿ ಸಿಗ್ನಲ್ 37 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿಯಾದ್ದರಿಂದ, ಒಂದು ಸಿಂಬಲ್ ತಡವಿದ್ದರೆ ಸುಮಾರು 18 ಮೀಟರ್ ಅಂತರದ ಎರಡು ಜಾಗಗಳನ್ನು ಹುಡುಕಿ: ನೀರು ಹೊಕ್ಕ ಕನೆಕ್ಟರ್, ಮಡಿಚಿಹೋದ ಕೇಬಲ್, ತೆರೆದುಬಿಟ್ಟ ಟ್ಯಾಪ್.

5. ಚಿತ್ರ ಚೆನ್ನಾಗಿದೆಯೆಂದು ಲೈನ್ ಚೆನ್ನಾಗಿದೆ ಎನ್ನಬೇಡಿ. ಈಕ್ವಲೈಜರ್ ಕುಗ್ಗಿದ ಕಂಪನಾಂಕವನ್ನು ಎತ್ತುವಾಗ ಅಲ್ಲಿನ ಗದ್ದಲವನ್ನೂ ಎತ್ತುತ್ತದೆ. ಉಳಿದ ತಪ್ಪುಗಳಲ್ಲಿ 204 ಬೈಟ್‌ಗೆ 8ರವರೆಗೆ ರೀಡ್-ಸಾಲಮನ್ ಎಂಬ ತಪ್ಪು ತಿದ್ದುವ ಕೋಡ್ ಸರಿಪಡಿಸುತ್ತದೆ. 9ನೆಯದು ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹಾಗಾಗಿ ದೂರು ಬರುವ ಮುಂಚೆಯೇ ಎಂಇಆರ್ (ಬಿಂದುಗಳು ತಮ್ಮ ಜಾಗದಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಬರೆದಿಡಿ. ಮನೆ ಖಾಲಿಯಾಗಿ ಡ್ರಾಪ್ ಕೇಬಲ್ ಬಿಚ್ಚಿದರೆ, ಕಂಬದಿಂದ ಇಳಿಯುವ ಮುನ್ನ ಆ ಟ್ಯಾಪಿಗೆ 75 ಓಮ್ ಟರ್ಮಿನೇಟರ್ ಹಾಕಿ.