ಹಲಾಲ್ ಎಂದರೆ ಚೂರಿಯ ವಿಷಯ ಮಾತ್ರವೇ?

ಮಾಂಸ ತಿನ್ನುವುದು ಕ್ರೌರ್ಯವಲ್ಲವೇ, ಆರೋಗ್ಯಕ್ಕೂ ಪರಿಸರಕ್ಕೂ ಹಾನಿಯಲ್ಲವೇ ಎಂದು ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಇಂದು ಊಟಕ್ಕೆ ಕುಳಿತಲ್ಲೇ ಕೇಳುತ್ತಾರೆ. "ಸುಮ್ಮನೆ ಉಣ್ಣು, ಹಲಾಲ್ ತಾನೇ" ಎಂದು ಗದರಿಸಿದರೆ ಅದು ಉತ್ತರವಾಗುವುದಿಲ್ಲ.

ಮೊದಲನೆಯದಾಗಿ, ಇಸ್ಲಾಮಿನಲ್ಲಿ ಮಾಂಸಾಹಾರಕ್ಕೆ ಅನುಮತಿಯಿದೆ, ಅದು ಕಡ್ಡಾಯವಲ್ಲ. ಪ್ರವಾದಿವರ್ಯರ(ಸ) ಮುಂದೆ ಒಮ್ಮೆ ಹುರಿದ ಉಡವನ್ನು ಇಟ್ಟಾಗ ಅವರು ಕೈ ಹಿಂದಕ್ಕೆಳೆದರು. ನಿಷಿದ್ಧವೇ ಎಂದು ಕೇಳಿದಾಗ ಅಲ್ಲವೆಂದರು. ತಮ್ಮ ನಾಡಿನಲ್ಲಿ ಅದಿಲ್ಲದ್ದರಿಂದ ಮನಸ್ಸೊಪ್ಪುವುದಿಲ್ಲ ಎಂದರು. ಅವರು ನೋಡುತ್ತಿದ್ದಂತೆಯೇ ಖಾಲಿದ್ ಬಿನ್ ವಲೀದ್(ರ) ಅದನ್ನು ತಿಂದರು. ಆದ್ದರಿಂದ ಮಾಂಸ ಬೇಡವೆನ್ನುವ ಮಗನನ್ನು ದೀನ್ ಬಿಟ್ಟವನಂತೆ ಕಾಣಬೇಕಾಗಿಲ್ಲ. ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಎನ್ನುವ ಹಕ್ಕು ಮಾತ್ರ ಅವನಿಗಿಲ್ಲ.

ಇನ್ನು ಕ್ರೌರ್ಯದ ಮಾತು. ಎಲ್ಲದರಲ್ಲೂ ಒಳಿತನ್ನು ವಿಧಿಸಲಾಗಿದೆ, ಕೊಯ್ಯುವಾಗಲೂ ಚೂರಿ ಹರಿತವಾಗಿರಲಿ, ಪ್ರಾಣಿಗೆ ನೆಮ್ಮದಿ ಸಿಗಲಿ ಎಂಬ ಬೋಧನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರಾಣಿಯ ಕಣ್ಣೆದುರೇ ಚೂರಿ ಮಸೆಯುತ್ತಿದ್ದವನನ್ನು ಪ್ರವಾದಿ(ಸ) ಗದರಿಸಿದ್ದರು. ಆದರೆ ನಮ್ಮ ಮಂಗಳೂರಿನ ರಸ್ತೆಗಳಲ್ಲಿ ಕಾಲು ಕಟ್ಟಿದ ಕೋಳಿಗಳನ್ನು ತಲೆಕೆಳಗಾಗಿ ಸ್ಕೂಟರಿಗೆ ತೂಗುಹಾಕಿ ಒಯ್ಯುವುದನ್ನು ನಾವು ನೋಡಿಲ್ಲವೇ? ಕೊಯ್ಯುವಾಗ 'ಬಿಸ್ಮಿಲ್ಲಾಹ್' ಹೇಳಿದ ಮಾತ್ರಕ್ಕೆ ಅದಕ್ಕೂ ಮುಂಚಿನ ಹಿಂಸೆ ಮಾಫಿಯಾಗುವುದೇ? 2021ರಲ್ಲಿ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂದ ಬಳಿಕ ನಮ್ಮ ಚರ್ಚೆಯೆಲ್ಲ ಯಾವ ಪ್ರಾಣಿಯನ್ನು ಕೊಯ್ಯಬಹುದು ಎಂಬುದರ ಸುತ್ತಲೇ ನಡೆದಿದೆ. ಅದು ಹೇಗೆ ಬದುಕಿತ್ತು ಎಂದು ಕೇಳುವವರೇ ಕಡಿಮೆ.

ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ 'ತಯ್ಯಿಬ್' ಎಂಬ ಪದವನ್ನೂ ಸೇರಿಸುತ್ತದೆ (2:168). ಎಂದರೆ ಶುದ್ಧ, ಉತ್ತಮ. ಹೊಲಸು ತಿಂದು ಬೆಳೆದ ಪ್ರಾಣಿಗೆ ಫಿಕ್ಹ್‌ನಲ್ಲಿ 'ಜಲ್ಲಾಲ' ಎನ್ನುತ್ತಾರೆ. ಅದರ ಮಾಂಸ, ಹಾಲು ಎರಡನ್ನೂ ಹದೀಸ್ ತಡೆದಿದೆ. ಕೆಲ ಕಾಲ ಶುದ್ಧ ಮೇವು ತಿನ್ನಿಸಿದ ಮೇಲೆ ಬಳಸಬಹುದೆಂದು ವಿದ್ವಾಂಸರು ಹೇಳಿದರು. ಇಂದಿನ ಫಾರ್ಮಿನ ಕೋಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆಂದು ನನಗನಿಸುತ್ತದೆ. ಮನುಷ್ಯನ ಕೊನೆಯ ಆಸರೆಯ ಔಷಧಿಗಳಲ್ಲೊಂದಾದ ಕೊಲಿಸ್ಟಿನ್ ಕೋಳಿ ಸಾಕಣೆಯಲ್ಲಿ ಬಳಕೆಯಾಗುತ್ತಿತ್ತು. ಕೇಂದ್ರ ಸರಕಾರ 2019ರಲ್ಲಿ ಅದನ್ನು ನಿಷೇಧಿಸಿತು.

ಆರೋಗ್ಯದ ಮಟ್ಟಿಗೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಾಸೇಜಿನಂತಹ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್ ಕಾರಕವೆಂದೂ ಕೆಂಪು ಮಾಂಸವನ್ನು ಬಹುಶಃ ಕಾರಕವೆಂದೂ ವರ್ಗೀಕರಿಸಿತು. ಮಾಂಸದ ಚಟ ಮದ್ಯದ ಚಟದಂತೆ, ಎಚ್ಚರವಾಗಿರಿ ಎಂದು ಹ. ಉಮರ್(ರ) ಹೇಳಿದ್ದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಆ ಕಾಲದಲ್ಲಿ ದಿನಕ್ಕೆರಡು ಹೊತ್ತು ಮಾಂಸ ತಿನ್ನುವವರು ಎಷ್ಟಿದ್ದರೋ!

ಪರಿಸರವೆಂದರೆ ದೂರದ ಮಾತಲ್ಲ. ಮನುಷ್ಯನಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ. 14.5ರಷ್ಟು ಪಶುಸಾಕಣೆಯದ್ದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತ್ತು. ಅದಿರಲಿ, 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ತೋಟ, ಮನೆಗಳ ಮೇಲೆ ಹರಿಯಿತಲ್ಲ, ಮಂಗಳೂರು ಎಸೆದ ಕಸವೇ ಅದು. ನಮ್ಮ ಮದುವೆ ಹಾಲ್‌ಗಳಲ್ಲಿ ಅರ್ಧ ತಿಂದು ಬಿಟ್ಟ ಬಿರಿಯಾನಿಯ ಪಾಲು ಅದರಲ್ಲಿ ಇರಲಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ? ತಿನ್ನಿರಿ, ಕುಡಿಯಿರಿ ಎಂದ ಆಯತೇ (7:31) ಮಿತಿಮೀರುವುದನ್ನೂ ತಡೆದಿದೆ.

ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡು ಎಂದು ಅಬೂದರ್(ರ)ರಿಗೆ ಪ್ರವಾದಿ(ಸ) ಹೇಳಿದ್ದರು. ಮಾಂಸ ಹೆಚ್ಚಿಸು ಎಂದಿರಲಿಲ್ಲ.